ಬಲಗಿವಿಯ ಸ್ಕ್ರಿಪ್ಟ್

ಮಧುಶ್ರೀಗೆ ಎಡಗಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನ ಜ್ವರದಲ್ಲಿ ಹೋದದ್ದು. ಹೆಣ್ಣು ನೋಡಲು ರಘು ಬಂದ ದಿನ ಅವಳಮ್ಮ ಅವಳನ್ನು ಎಡಗಿವಿ ಗೋಡೆಗೆ ಬರುವಂತೆ ಕೂರಿಸಿದ್ದಳು. ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ರಸ್ತೆಯಲ್ಲಿ ಗಂಡ ಎಡಕ್ಕೆ ಬಂದರೆ ಅವಳೇ ಸರಿದು ಅವನ ಆಚೆ ಬದಿಗೆ ಹೋಗುತ್ತಿದ್ದಳು. ಗಾಡಿಗಳ ಭಯ ಎಂದು ಅವನು ತಿಳಿದಿದ್ದ.

ಬಿಳೇಕಹಳ್ಳಿಯ ಬಾಡಿಗೆ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಅವಳಿಗೆ ಸಿಕ್ಕಿತ್ತು. ಕಸ್ಟಮರ್ ಕೇರ್ ಕರೆಗಳ ರೆಕಾರ್ಡಿಂಗ್ ಕೇಳಿ ಕನ್ನಡದಲ್ಲಿ ಟೈಪ್ ಮಾಡುವುದು. ಮೊದಲ ಕಂತು ಕಳಿಸಿದ ಮೇಲೆ ಭಾನುವಾರ ಬೆಳಿಗ್ಗೆ ಮೇಲ್ವಿಚಾರಕಿ ಪಂಕಜಾ ಫೋನ್ ಮಾಡಿದಳು.

"ಏನಮ್ಮಾ, ನಿಮ್ ಕಸ್ಟಮರ್‌ಗಳೆಲ್ಲ ಮೌನವ್ರತನಾ? ಎಲ್ಲಾ ಫೈಲಲ್ಲೂ 'ಗ್ರಾಹಕರು ಮಾತಾಡಲಿಲ್ಲ' ಅಂತ ಬರ್ದಿದೀರ. ನಮ್ ಹುಡುಗಿ ಯಾರಿಗೆ ಉತ್ತರ ಕೊಡ್ತಿದಾಳೆ, ಫ್ಯಾನಿಗಾ? ಸಂಜೆಯೊಳಗೆ ಸರಿ ಮಾಡಿ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ."

ಹುರುಳಿಕಾಯಿ ಬಿಡಿಸುತ್ತಿದ್ದ ರಘು ಬಂದು ಹೆಡ್‌ಫೋನ್ ಹಾಕಿಕೊಂಡ. ಅವನಿಗೆ ಬಿಟಿಎಮ್ ಬಡಾವಣೆಯ ಆಫೀಸೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ.

"ಸರಿಯಾಗೇ ಇದೆಯಲ್ಲೇ. ಕಸ್ಟಮರ್ ಎಡಗಡೆ, ಆಫೀಸೋಳು ಬಲಗಡೆ. ಬೇರೆ ಬೇರೆ ರೆಕಾರ್ಡ್ ಆಗಿರತ್ತೆ."

ಅವಳು ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡಳು. ಈಗ ಗ್ರಾಹಕಿಯ ಮಾತು ಮಾತ್ರ ಕೇಳಿತು. ಹೀಗೆ ಪ್ರತಿ ಫೈಲನ್ನೂ ಎರಡೆರಡು ಸಲ ಕೇಳಿದರೆ ಸಂಜೆಗೆ ಮುಗಿಯುವುದಿಲ್ಲ.

"ಅದ್ಯಾಕೆ ಉಲ್ಟಾ?"

"ರೀ, ಎರಡೂ ಕಡೇದು ಬಲಗಿವಿಗೇ ಬರೋ ಹಾಗೆ ಮಾಡಕ್ಕಾಗತ್ತಾ?"

"ಆಗತ್ತೆ. ಯಾಕೆ?"

ಅವಳು ಹುರುಳಿಕಾಯಿ ತಟ್ಟೆ ನೋಡುತ್ತಾ ಹೇಳಿದಳು: "ಎಡಗಿವಿ ಕೇಳಲ್ಲ. ಚಿಕ್ಕೋಳಿದ್ದಾಗಿಂದ."

ರಘು ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ಎಳೆದುಕೊಂಡ. ಎರಡೂ ಕಡೆಯ ದನಿಯನ್ನು ಒಂದಾಗಿಸಿ ಬಲಕ್ಕೆ ಕಳಿಸುವ ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದ. ಹೆಡ್‌ಫೋನಿನ ಪಿನ್ ಕಿತ್ತು ಮತ್ತೆ ಹಾಕಿದರೆ ಎಲ್ಲ ಮೊದಲಿನಂತಾಯಿತು. ಬೈದುಕೊಂಡು, ಪಿನ್ ಚುಚ್ಚಿದ ಕೂಡಲೇ ಸ್ಕ್ರಿಪ್ಟ್ ತಾನಾಗಿ ಓಡುವಂತೆ ಮಾಡಿದ.

"ಇನ್ಮೇಲೆ ನೀನು ಏನೂ ಒತ್ತಬೇಕಿಲ್ಲ. ಯಾರಿಗೂ ಹೇಳ್ಬೇಕೂ ಇಲ್ಲ."

ಹೆಡ್‌ಫೋನಿನಲ್ಲಿ ಈಗ ಕೆಟ್ಟ ಫ್ರಿಜ್ಜಿನ ಬಗ್ಗೆ ಒಬ್ಬಾಕೆ ಕೂಗಾಡುತ್ತಿದ್ದಳು, ಇನ್ನೊಬ್ಬಳು "ಆಗ್ಲಿ ಮೇಡಂ" ಎನ್ನುತ್ತಿದ್ದಳು. ಮಧುಶ್ರೀ ನಕ್ಕಳು. "ಪಾಪ, ಸಖತ್ತಾಗಿ ಬೈಸ್ಕೊಂಡಿದಾಳೆ ಕಣ್ರೀ!"

ಕತ್ತಲಾಗುವ ಮೊದಲೇ ಎಲ್ಲವನ್ನೂ ಕಳಿಸಿದಳು. 'ಅಂತೂ ಎಲ್ಲರಿಗೂ ಬಾಯಿ ಬಂತು, ನಾಳೆಯ ಫೈಲ್ ಕಳಿಸ್ತೀನಿ' ಎಂದು ಪಂಕಜಾ ಮೆಸೇಜ್ ಹಾಕಿದಳು.

ಕಾಫಿ ಕುಡಿಯುತ್ತಿದ್ದ ರಘು ಇದ್ದಕ್ಕಿದ್ದಂತೆ ಕೇಳಿದ: "ನಾನು ಮಲಗೋದು ನಿನ್ನ ಯಾವ ಕಡೆ?"

"ಎಡಗಡೆ."

"ಮತ್ತೆ ಕಿವಿ ಹತ್ರ ಅಷ್ಟೆಲ್ಲ ಹೇಳ್ತಿದ್ದಾಗ ಹೂಂ, ಹೂಂ ಅಂತಿದ್ಯಲ್ಲೇ?"

"ಉಸಿರು ತಾಗ್ತಿತ್ತು. ಏನೋ ಹೇಳ್ತಿದೀರ ಅಂತ ಗೊತ್ತಾಗ್ತಿತ್ತು."

"ಅಯ್ಯೋ, ಗೋಡೆಗೆ ಹೇಳಿದ್ರೂ ಆಗ್ತಿತ್ತು."

"ಹೂಂ ಅಂತಿರ್ಲಿಲ್ಲ ಅದು. ಏನ್ ಹೇಳ್ತಿದ್ರಿ? ಈಗ ಹೇಳಿ."

ಅವನು ಲೋಟ ಕೆಳಗಿಟ್ಟ. ಎದ್ದು ಅವಳನ್ನು ಸುತ್ತಿ ಬಂದು ಬಲಗಡೆ ಕೂತು, ನೆನಪು ಮಾಡಿಕೊಂಡು ಹೇಳತೊಡಗಿದ.

ಮದುವೆಯಾಗಿ ಎಂಟು ತಿಂಗಳಾಗಿತ್ತು. ಅವನಿಗೆ ನೆನಪಾದದ್ದು ಮೂರು ಮಾತು. ಉಳಿದವೆಲ್ಲ ಹೋದವು.