ಒಳಮೈಯ ಗುರುತು

ನಿಮ್ಮ ಅಂಗಿಯ ಗುಂಡಿ ಉದುರಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಗುಂಡಿ ತೂರುವ ಸೀಳನ್ನು ಮಾತ್ರ ನೀವು ಒಂದು ದಿನವೂ ಸರಿಯಾಗಿ ನೋಡಿರುವುದಿಲ್ಲ. ಅದಕ್ಕೆ ದರ್ಜಿಗಳು ಕಾಜಾ ಎನ್ನುತ್ತಾರೆ. ನಾನು ಕಾಜಾ ಹಾಕುವ ಯಂತ್ರ. ಮೊದಲು ಸುತ್ತಲೂ ಒತ್ತಾಗಿ ಹೊಲಿಯುತ್ತೇನೆ, ಆಮೇಲೆ ನಡುವೆ ಬ್ಲೇಡು ಇಳಿಸಿ ಸೀಳುತ್ತೇನೆ. ಹೊಲಿದದ್ದನ್ನು ಬಿಚ್ಚಬಹುದು. ಸೀಳಿದ್ದು ಸೀಳಿದ್ದೇ.

ಹುಟ್ಟಿದ್ದು ಪಂಜಾಬಿನ ಒಂದು ಕಾರ್ಖಾನೆಯಲ್ಲಿ. ಬಳ್ಳಾರಿಯ ಸಿದ್ಧ ಉಡುಪಿನ ಘಟಕವೊಂದರಲ್ಲಿ ಆರು ವರ್ಷ ದುಡಿದೆ. ಅಲ್ಲಿ ನನ್ನ ಮುಂದೆ ಕೂತವರ ಮುಖ ನೆನಪಿಲ್ಲ, ಮೊಣಕಾಲುಗಳಷ್ಟೇ ಗೊತ್ತು. ಆ ಘಟಕ ಮುಚ್ಚಿದಾಗ ಗದಗಿನ ಮೂವರು ದರ್ಜಿಗಳು ಸೇರಿ ನನ್ನನ್ನು ಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಕಾಜಾ ಯಂತ್ರ ಇಟ್ಟುಕೊಳ್ಳುವಷ್ಟು ಕೆಲಸವೂ ಇರಲಿಲ್ಲ, ಜಾಗವೂ ಇರಲಿಲ್ಲ.

ನನ್ನನ್ನು ಇಟ್ಟದ್ದು ತುಕಾರಾಮಪ್ಪ ಸಿಂಪಿಯ ಅಂಗಡಿಯಲ್ಲಿ. ಓಣಿಗೆಲ್ಲ ಹಿರಿಯ ದರ್ಜಿ, ಎಲ್ಲರಿಗೂ ಕಾಕಾ. ತಾನು ಹೊಲಿದ ಪ್ರತಿ ಅಂಗಿಯ ಕೊರಳಿಗೆ ಕೆಂಪು ದಾರದಲ್ಲಿ ತನ್ನ ಹೆಸರು ನೇಯ್ದ ಪಟ್ಟಿ ಹಚ್ಚುತ್ತಿದ್ದ. "ನನ್ನ ಹೆಸರು ಇನ್ನೊಬ್ಬರ ಸೂಜಿ ಮ್ಯಾಲ ಕುಂದರಂಗಿಲ್ಲ" ಎಂದು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಎರಡನೆಯವ ಎದುರಂಗಡಿಯ ಖಾಸಿಂಸಾಬ. ಬ್ಲೇಡಿನ ಮೇಲೆ ಅವನ ಕೈ ಹದವಾಗಿ ಕೂರುತ್ತಿತ್ತು, ಹಾಗಾಗಿ ಮೂವರ ಕಾಜಾವನ್ನೂ ಅವನೇ ಹಾಕುತ್ತಿದ್ದ. ಮೂರನೆಯವಳು ದ್ರಾಕ್ಷಾಯಣಿ. ಗಾರ್ಮೆಂಟಿನ ಕೆಲಸ ಬಿಟ್ಟು ಬಂದು ನಾಲ್ಕು ತಿಂಗಳ ಹಿಂದಷ್ಟೇ ಅಂಗಡಿ ತೆರೆದಿದ್ದಳು.

ಮೂವರ ನಡುವೆ ಒಂದು ಕಟ್ಟಳೆ ಇತ್ತು. ಅಂಗಿ ತಂದವರು ಯಾವ ಕಡೆ ಕಾಜಾ ಬೇಕೋ ಆ ಕಡೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಡಬೇಕು. ಗೆರೆ ಇದ್ದ ಕಡೆ ಖಾಸಿಂಸಾಬ ಕಾಜಾ ಹಾಕುತ್ತಾನೆ, ಮತ್ತೇನೂ ಕೇಳುವುದಿಲ್ಲ. ಗಂಡುಹುಡುಗರ ಅಂಗಿಗೆ ಕಾಜಾ ತೊಟ್ಟವರ ಎಡಕ್ಕೆ, ಕಿಸೆ ಇರುವ ಕಡೆ. ಹೆಣ್ಣುಮಕ್ಕಳದಕ್ಕೆ ಬಲಕ್ಕೆ; ಅಂಗಿ ಹರವಿದರೆ ಅದು ಹರವಿದವರ ಎಡಗೈ ಕಡೆ ಬರುತ್ತದೆ. ಈ ಭೇದ ಯಾರು ಮಾಡಿದರೋ ನನಗೆ ತಿಳಿಯದು, ತಿಳಿದುಕೊಳ್ಳುವ ಆಸೆಯೂ ಇಲ್ಲ.

ಒಮ್ಮೆ ದ್ರಾಕ್ಷಾಯಣಿ ಹೊರಮೈಗೆ ಹಾಕಿದ ಗೆರೆ ಇಸ್ತ್ರಿ ತಗಲಿ ಕಲೆಯಾಗಿ ಉಳಿಯಿತು. ಗಿರಾಕಿಯ ಕೈಯಲ್ಲಿ ಬೈಸಿಕೊಂಡು ಬಂದವಳಿಗೆ ತುಕಾರಾಮಪ್ಪ ತಲೆ ಎತ್ತದೆ ಹೇಳಿದ: "ಗುರ್ತು ಒಳಮೈಗೆ ಹಾಕ್ವಾ ತಂಗಿ. ಕಲೆ ಬಿದ್ರೂ ಹೊರಗ ಕಾಣಂಗಿಲ್ಲ."

ಒಳ್ಳೆಯ ಮಾತೇ. ಅವಳು ತಲೆಯಾಡಿಸಿ ಹೋದಳು.

ಜೂನ್ ಹತ್ತಿರವಾಯಿತು. ಊರಿನ ಒಂದು ಶಾಲೆ ಸಮವಸ್ತ್ರದ ಕೆಲಸವನ್ನು ಹಂಚಿತ್ತು. ಹುಡುಗರ ಐವತ್ತು ಅಂಗಿ ತುಕಾರಾಮಪ್ಪನಿಗೆ, ಹುಡುಗಿಯರ ನಲವತ್ತೆರಡು ದ್ರಾಕ್ಷಾಯಣಿಗೆ. ಒಂದೇ ತಿಳಿನೀಲಿ ಬಟ್ಟೆ, ಒಂದೇ ಮಾದರಿ. ಅವಳಿಗೆ ಅದು ಮೊದಲ ದೊಡ್ಡ ಕೆಲಸ. ಸೋಮವಾರ ಶಾಲೆ ತೆರೆಯುವ ಹೊತ್ತಿಗೆ ಅಂಗಿ ಕೈಗೆ ಬರದಿದ್ದರೆ ಮುಂದೆ ಕೆಲಸವಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಮೊದಲೇ ಹೇಳಿದ್ದರು. ಕೆಲಸ ಕೈತಪ್ಪಿದರೆ ಅಂಗಡಿ ಮುಚ್ಚಿ ಮತ್ತೆ ಗಾರ್ಮೆಂಟಿನ ಬಸ್ಸು ಹತ್ತಬೇಕು ಎಂದು ಅವಳು ಖಾಸಿಂಸಾಬನ ಬಳಿ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ.

ಶನಿವಾರ ಬೆಳಿಗ್ಗೆ ಖಾಸಿಂಸಾಬ ಬರುವ ಮೊದಲೇ ಅವಳು ನಲವತ್ತೆರಡು ಅಂಗಿ ತಂದಿಟ್ಟಳು. ಕಾಕಾ ಹೇಳಿದಂತೆ ಮೊದಲ ಸಲ ಎಲ್ಲವನ್ನೂ ಒಳಮೈ ಹೊರಗೆ ಮಾಡಿ ಹರವಿ, ಎಂದಿನಂತೆ ತನ್ನ ಎಡಗೈ ಕಡೆಗೆ ಬಂದ ಅಂಚಿಗೆ ಅಂದವಾಗಿ ಗೆರೆ ಹಾಕಿದ್ದಳು. ಖಾಸಿಂಸಾಬ ಕೂತ, ನಾನು ನಡೆದೆ. ಮಧ್ಯಾಹ್ನದೊಳಗೆ ಮುಗಿಸಿದೆವು. ನನಗಂತೂ ಯಾವ ಅನುಮಾನವೂ ಬರಲಿಲ್ಲ.

ಅವಳು ಬಂದು ಮೊದಲ ಅಂಗಿ ಕೊಡವಿ ನೋಡಿದಳು. ಎರಡನೆಯದು, ಮೂರನೆಯದು. ಆಮೇಲೆ ನೆಲಕ್ಕೆ ಕೂತುಬಿಟ್ಟಳು.

"ಖಾಸಿಮಣ್ಣ, ಇವು ಹುಡುಗ್ಯಾರ ಅಂಗಿ!"

"ಕಿಸೇದ ಕಡೆ ಗುರ್ತು ಇತ್ತವಾ," ಎಂದ ಖಾಸಿಂಸಾಬ. "ಕಾಕಾನ ಹುಡುಗರವೇ ಇರಬೇಕು ಅಂತ ಹಾಕಿದೆ."

ತುಕಾರಾಮಪ್ಪ ಒಂದು ಅಂಗಿ ಎತ್ತಿಕೊಂಡ. ಒಳಗೆ ತಿರುವಿದ, ಹೊರಗೆ ತಿರುವಿದ, ಗೆರೆ ನೋಡಿದ.

"ತಪ್ಪು ನಂದು," ಎಂದ. "ಒಳಮೈಗೆ ಹಾಕು ಅಂತ ಹೇಳಿದೆ. ಅಂಗಿ ತಿರುವಿದ್ರ ಎಡಾ ಬಲಾ ಅದಲು ಬದಲು ಆಗ್ತಾವ, ನೋಡ್ಕೊಂಡು ಹಾಕು ಅಂತ ಹೇಳಲಿಲ್ಲ. ನನಗ ರೂಢಿ ಬಿದ್ದೈತಿ, ಹೇಳಬೇಕು ಅಂತ ಅನಿಸಲೇ ಇಲ್ಲ."

"ನಾನೂ ನೋಡಬೇಕಿತ್ತು ಕಾಕಾ," ಎಂದಳು ಅವಳು. ಅಳುತ್ತಿದ್ದಳು.

ತುಕಾರಾಮಪ್ಪ ಎದ್ದು ಕಪಾಟು ತೆರೆದ. ಅವನ ಐವತ್ತು ಅಂಗಿಗಳು ಕಾಜಾ ಕಾಣದೆ ಅಲ್ಲೇ ಇದ್ದವು. ಹುಡುಗರವೆಂದು ಗೊತ್ತಾಗುವಂಥದ್ದು ಅವುಗಳಲ್ಲಿ ಇನ್ನೂ ಏನೂ ಇರಲಿಲ್ಲ. ಅವಳವು ಹುಡುಗರಿಗೆ, ಅವನವು ಹುಡುಗಿಯರಿಗೆ ಎಂದು ಎರಡೂ ರಾಶಿಯನ್ನು ಅಳತೆಗೆ ಅಳತೆ ಜೋಡಿಸಿದರು. ಮೂವತ್ತಾರು ಸರಿಹೋದವು. ಉಳಿದ ಆರಕ್ಕೆ ಖಾಸಿಂಸಾಬ ಮಿಕ್ಕ ಬಟ್ಟೆಯನ್ನು ಆಗಲೇ ಹರವಿ ಕತ್ತರಿ ಹಿಡಿದಿದ್ದ, ತನ್ನ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ.

ಇನ್ನೊಂದು ಕೆಲಸ ಉಳಿದಿತ್ತು. ತುಕಾರಾಮಪ್ಪ ಕನ್ನಡಕ ಏರಿಸಿ ತನ್ನ ಮೂವತ್ತಾರು ಅಂಗಿಗಳಿಂದ ಹೆಸರಿನ ಪಟ್ಟಿಯನ್ನು ಒಂದೊಂದಾಗಿ ಬಿಚ್ಚಿದ. ಆಮೇಲೆ ಅವಳ ಅಂಗಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲರಿನ ಮೇಲೆ ಹೆಬ್ಬೆರಳು ಆಡಿಸಿದ.

"ಮೂಲಿ ಸ್ವಲ್ಪ ಮೊಂಡ ಆಗ್ಯಾವ."

"ಬಿಚ್ಚಿ ತಿರುಗಿ ಹೊಲಿಲೇನ್ರಿ?"

"ಬ್ಯಾಡ," ಎಂದ. ಅದೇ ಕೊರಳಿಗೆ ತನ್ನ ಪಟ್ಟಿ ಇಟ್ಟು ಹೊಲಿದ. ಮೂವತ್ತಾರಕ್ಕೂ ಹೊಲಿದ. ನಾನು ಲೋಹದ ವಸ್ತು, ಹೆಚ್ಚು ಹೇಳಬಾರದು. ಆದರೆ ಆ ಹೊತ್ತು ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

ಸೋಮವಾರ ಅಂಗಿಗಳು ಶಾಲೆ ಸೇರಿದವು. ಹುಡುಗಿಯರ ತಾಯಂದಿರು ದ್ರಾಕ್ಷಾಯಣಿಯ ಹೊಲಿಗೆಯನ್ನು ಹೊಗಳಿದರು. ಆ ಹೊಗಳಿಕೆ ತನ್ನದಲ್ಲವೆಂದು ಅವಳಿಗೆ ಗೊತ್ತಿತ್ತು. ಮಾರನೆಯ ದಿನ ಅಂಗಡಿ ತೆರೆಯುವ ಮುನ್ನ ಬಂದು ತುಕಾರಾಮಪ್ಪನ ಪಕ್ಕ ಕೂತಳು. ಕಾಲರಿನ ಮೂಲೆಗೆ ದಾರ ಸಿಕ್ಕಿಸಿ ತಿರುವುವಾಗ ಎಳೆದರೆ ಚೂಪಾಗಿ ಬರುತ್ತದೆ ಎಂದು ಅವನು ತೋರಿಸಿದ. ತೋರಿಸಿ, ಅವಳ ಕೈಯಿಂದ ಮೂರು ಸಲ ಮಾಡಿಸಿದ. ಅಂದಿನಿಂದ ಅವನು ಏನೇ ಹೇಳಿಕೊಟ್ಟರೂ ಹೀಗೆ ಮಾಡಿಸಿಯೇ ಬಿಡುತ್ತಿದ್ದ. ಬೇಸರ ಬರುವಷ್ಟು.

ಈಗ ಅವನಿಲ್ಲ. ಖಾಸಿಂಸಾಬನಿಗೆ ಬೆರಳು ನಡುಗುತ್ತದೆ, ಅಂಗಡಿಗೆ ಹರಟೆಗೆ ಮಾತ್ರ ಬರುತ್ತಾನೆ. ಮಾರ್ಕೆಟ್ಟಿನಲ್ಲಿ ಕಂಪ್ಯೂಟರ್ ಕಾಜಾ ಬಂದಿದೆ, ನಾನು ಒಂದು ಹಾಕುವಷ್ಟರಲ್ಲಿ ಅದು ನಾಲ್ಕು ಹಾಕುತ್ತದಂತೆ. ಹಾಕಲಿ. ನಾನು ದ್ರಾಕ್ಷಾಯಣಿಯ ಅಂಗಡಿಯ ಮೂಲೆಯಲ್ಲಿದ್ದೇನೆ. ನನ್ನ ಮೇಲೆ ಅಳತೆಯ ರಟ್ಟುಗಳನ್ನು ಪೇರಿಸಿದ್ದಾಳೆ. ಗುಜರಿಯವನು ಎರಡು ಸಲ ಕೇಳಿ ಹೋದ, ಅವಳು ಕೊಡಲಿಲ್ಲ.

ಮೊನ್ನೆ ಮುಳಗುಂದ ನಾಕಾದ ಹತ್ತಿರ ಹೊಸದಾಗಿ ಅಂಗಡಿ ಹಾಕಿದ ದರ್ಜಿಯೊಬ್ಬ ಬಂದಿದ್ದ. ಸೀಮೆಸುಣ್ಣದ ಕಲೆಗೆ ಏನು ಮಾಡುವುದು ಎಂಬುದೇ ಅವನ ಗೋಳು.

"ಗುರ್ತು ಒಳಮೈಗೆ ಹಾಕ್ರಿ," ಎಂದಳು ದ್ರಾಕ್ಷಾಯಣಿ.

"ಅಷ್ಟ ಏನ್ರೀ ಅಕ್ಕಾರ?" ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

"ಕುಂದರ್ರಿ. ಇನ್ನೂ ಅರ್ಧ ಐತಿ."

ನನ್ನ ಮೇಜಿನ ಡ್ರಾಯರ್ ಎಳೆದು, ಅಂದು ಜೋಡಿ ಸಿಗದೆ ಉಳಿದ ಆರರಲ್ಲಿ ಒಂದು ತಿಳಿನೀಲಿ ಅಂಗಿಯನ್ನು ತೆಗೆದಳು. ಒಳಮೈ ತಿರುವಿ ಅವನ ಮುಂದೆ ಹರವಿ, ಸೀಮೆಸುಣ್ಣವನ್ನು ಅವನ ಕೈಗೇ ಕೊಟ್ಟಳು.