ನಗುವ ಹಂದಿಯ ಹಾಳೆ

ಮೂರು ದಿನದಿಂದ ನನಗೆ ಒಂದೇ ಒಂದು ಪದದ ಚಿಂತೆ. ಬೇರೆ ಯಾರಿಗೂ ಹೇಳಿಲ್ಲ, ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ: 'ನಗುವ' ಎಂದು ಬರೆಯಬಾರದಿತ್ತು. ಹರಾಜಿಗೆ ಬಂದ ಪುಸ್ತಕದ ವಿವರಣೆಯ ಕರಡು ಆಗಲೇ ಅಂಚೆಯಲ್ಲಿ ಅದರ ಒಡತಿ ಮಿಸ್ ಕಾರ್‌ಫೀಲ್ಡ್ ಅವರ ಮನೆ ಸೇರಿತ್ತು. ಅದರ ಎರಡನೆಯ ಪುಟದಲ್ಲಿ, ತಿಂಗಳುಗಳ ಪಟ್ಟಿಯಲ್ಲಿ, ನಾನೇ ಟೈಪ್ ಮಾಡಿದ ಸಾಲು ಹೀಗಿತ್ತು: 'ನವೆಂಬರ್: ಹಾಳೆ ಇಲ್ಲ. ಓಕ್ ಮರದ ಕೆಳಗೆ ನಗುವ ಹಂದಿ.' ಇಲ್ಲದ ಹಾಳೆಯ ಹಂದಿ ನಗುತ್ತಿತ್ತೋ ಅಳುತ್ತಿತ್ತೋ ನನಗೆ ಹೇಗೆ ಗೊತ್ತು?

ನಾನು ಶ್ರೂಸ್‌ಬರಿಯಲ್ಲಿ ಟ್ರಾಂಟರ್ ಎಂಬವರ ಹರಾಜು ಮನೆಯಲ್ಲಿ ಹಳೆಯ ಪುಸ್ತಕಗಳಿಗೆ ವಿವರಣೆ ಬರೆಯುತ್ತೇನೆ. ಪದವಿ ಮುಗಿಸಿದ ವರ್ಷವೇ ಸೇರಿದೆ. ಗಿರಾಕಿಗಳ ಜೊತೆ ಮಾತಾಡಬೇಕಿಲ್ಲ ಎಂಬುದೇ ಈ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು. ಹೋದ ಸೋಮವಾರ ಟ್ರಾಂಟರ್ ಒಂದು ದಿಂಬಿನ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು. ಮಿಸ್ ಕಾರ್‌ಫೀಲ್ಡ್ ಪುಸ್ತಕವನ್ನು ತಂದಿದ್ದು ಅದರಲ್ಲೇ. ಆರುನೂರು ವರ್ಷದ ಹಿಂದೆ ಯಾರೋ ಕರುವಿನ ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ಪ್ರಾರ್ಥನೆ ಪುಸ್ತಕ. ಅಂಗೈಗಿಂತ ಸ್ವಲ್ಪ ದೊಡ್ಡದು. ಮೊದಲಿಗೆ ತಿಂಗಳಿಗೊಂದು ಹಾಳೆ, ಹಾಳೆಗೊಂದು ಚಿತ್ರವಿರುವ ಕ್ಯಾಲೆಂಡರ್, ಆಮೇಲೆ ಮಾತೆ ಮರಿಯಳ ಪ್ರಾರ್ಥನೆಗಳು, ಕೊನೆಗೆ ಸತ್ತವರಿಗಾಗಿ ಹೇಳುವಂಥವು. ಅಂಚಿನ ತುಂಬ ಬಳ್ಳಿ, ಬಳ್ಳಿಯ ತುದಿಗೆ ಚಿನ್ನದ ಚುಕ್ಕೆ. ರಾಜ ಹೆನ್ರಿ ಪೋಪನನ್ನು ಧಿಕ್ಕರಿಸಿದ ಕಾಲದಲ್ಲಿ ಯಾರೋ ಹೆದರಿ 'ಪೋಪ್' ಎಂಬ ಪದ ಬಂದಲ್ಲೆಲ್ಲ ಚಾಕುವಿನಿಂದ ಕೆರೆದಿದ್ದರು. ಕಾರ್‌ಫೀಲ್ಡ್ ಮನೆತನದವರು ತಮ್ಮ ಮಕ್ಕಳು ಹುಟ್ಟಿದ್ದು, ಸತ್ತಿದ್ದು ಎಲ್ಲವನ್ನೂ ಕ್ಯಾಲೆಂಡರಿನ ಆಯಾ ತಾರೀಖಿನ ಪಕ್ಕದಲ್ಲೇ ಗೀಚಿಟ್ಟಿದ್ದರು. ಆಗಸ್ಟ್ ಹಾಳೆಯ ಕೆಳಗೆ ನೀಲಿ ಬಣ್ಣದ ಪೆನ್ಸಿಲಿನಲ್ಲಿ ಒಂದು ಕತ್ತೆಯೂ ಇತ್ತು. ಅದು ಮಾತ್ರ ಈಚಿನದು, ಯಾವುದೋ ಮಗುವಿನ ಕೆಲಸ.

ನವೆಂಬರ್ ಇರಲಿಲ್ಲ. ಹೊಲಿಗೆಯ ಬುಡದಲ್ಲಿ ಉಗುರಿನಷ್ಟು ಅಗಲದ ಪಟ್ಟಿಯೊಂದು ಉಳಿದಿತ್ತು, ಚಾಕುವನ್ನು ಎರಡು ಸಲ ಎಳೆದ ಗುರುತಿನೊಂದಿಗೆ. ದೀಪವನ್ನು ಓರೆಯಾಗಿ ಹಿಡಿದು ಎದುರಿನ ಅಕ್ಟೋಬರ್ ಪುಟ ನೋಡಿದೆ. ಶತಮಾನಗಟ್ಟಲೆ ಮುಚ್ಚಿದ್ದ ಪುಸ್ತಕದಲ್ಲಿ ಒಂದು ಹಾಳೆಯ ಬಣ್ಣ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಅಲ್ಲಿ ಮಸುಕಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಒಂದು ಹಸಿರು ಮುದ್ದೆ, ಒಂದು ಗುಲಾಬಿ ಮುದ್ದೆ, ನಡುವೆ ಏಳು ಚಿನ್ನದ ಚುಕ್ಕೆ. ಬೇರೆ ಯಾರಿಗಾದರೂ ಅದು ಬರೀ ಕಲೆ. ನಾನು ಆ ಏಳು ಚುಕ್ಕೆಗಳನ್ನು ಎಣಿಸುತ್ತಲೇ ನಿದ್ದೆ ಹೋಗುತ್ತಿದ್ದವಳು. ಏಳು ಓಕ್ ಕಾಯಿ. ಗುಲಾಬಿ ಮುದ್ದೆ ನನ್ನ ಹಂದಿ.

ಆ ಹಾಳೆ ನನ್ನ ಹಾಸಿಗೆಯ ಮೇಲಿನ ಗೋಡೆಯಲ್ಲಿದೆ, ಗಾಜಿನ ಚೌಕಟ್ಟಿನೊಳಗೆ. ನಾನು ಹುಟ್ಟಿದ ದಿನ ತಾತ ಕೊಟ್ಟಿದ್ದು. ನವೆಂಬರ್ ಮೂರನೆಯ ತಾರೀಖಿನ ಎದುರು ಕೆಂಪು ಶಾಯಿಯಲ್ಲಿ ನಮ್ಮೂರಿನ ಸಂತಳ ಹೆಸರಿದೆ, ವಿನಿಫ್ರೆಡ್. ಅದೇ ಹೆಸರನ್ನು ತಾತ ನನಗಿಟ್ಟರು. ಅಮ್ಮ ಊರು ಬಿಟ್ಟ ಮೇಲೆ ನನ್ನನ್ನು ಬೆಳೆಸಿದವರೂ ಅವರೇ. ಸ್ಕೂಲಿಗೆ ಹೊತ್ತಾದಾಗೆಲ್ಲ ಬಾಗಿಲಲ್ಲಿ ನಿಂತು ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಎದ್ದೇಳು ಮರಿ, ಹಂದಿ ನಿನ್ನ ನೋಡಿ ನಗ್ತಿದೆ."

ತಾತ, ಸಿರಿಲ್ ಎವರಾಲ್, ವೈಲ್ ಕಾಪ್ ಎಂಬ ಏರುಬೀದಿಯಲ್ಲಿ ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು.

ಪುಸ್ತಕದಲ್ಲಿ ಹುಳು ಕೊರೆದ ಎರಡು ತೂತುಗಳಿದ್ದವು. ಅಕ್ಟೋಬರಿನಲ್ಲಿ ಶುರುವಾಗಿ ಡಿಸೆಂಬರನ್ನೂ ದಾಟುತ್ತಿದ್ದವು. ಅವನ್ನು ಪಾರದರ್ಶಕ ಕಾಗದದ ಮೇಲೆ ಗುರುತು ಹಾಕಿಕೊಂಡು ಮನೆಗೆ ಬಂದು ನನ್ನ ಹಾಳೆಯ ಗಾಜಿನ ಮೇಲಿಟ್ಟೆ. ಅದರಲ್ಲಿದ್ದ ಎರಡು ತೂತಿಗೂ ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಕೂತು ಕರಡು ಮುಗಿಸುವಾಗ ಮನಸ್ಸು ಕೆಲಸದ ಮೇಲಿರಲಿಲ್ಲ. ಜನವರಿಯಲ್ಲಿ ಬೆಂಕಿ ಕಾಯಿಸಿಕೊಳ್ಳುವವನು, ಜುಲೈಯಲ್ಲಿ ಹುಲ್ಲು ಕೊಯ್ಯುವವನು ಎಂದು ಬರೆಯುತ್ತ ಹೋದ ಕೈ ನವೆಂಬರಿಗೆ ಬಂದಾಗ ನಿಲ್ಲಲಿಲ್ಲ. ತಪ್ಪು ಕಣ್ಣಿಗೆ ಬಿದ್ದದ್ದು ಟ್ರಾಂಟರ್ ಕರಡನ್ನು ಅಂಚೆಗೆ ಹಾಕಿ ಬಂದ ಮೇಲೆ.

ಅಂದು ಸಂಜೆ ತಾತ ಬಟಾಣಿ ಸುಲಿಯುತ್ತಿದ್ದರು. ಈಗ ಅವರಿಗೆ ಎಂಬತ್ತೆರಡು, ಬೆರಳು ನಡುಗುತ್ತವೆ, ಒಂದು ಕಾಳು ಬಟ್ಟಲಿಗೆ ಬಿದ್ದರೆ ಎರಡು ನೆಲಕ್ಕೆ. ಕಾಳು ಆರಿಸುವ ನೆಪದಲ್ಲಿ ಮೇಜಿನ ಕೆಳಗೆ ಕೂತು, ಅವರ ಮುಖ ನೋಡದೆಯೇ, ಕಾರ್‌ಫೀಲ್ಡ್ ಪುಸ್ತಕಕ್ಕೆ ನೀವು ಯಾವತ್ತಾದರೂ ರಟ್ಟು ಕಟ್ಟಿದ್ದಿರಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. ಪುಸ್ತಕ ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಬಂದಿತ್ತಂತೆ. ಹಾಳೆ ತಾನಾಗಿಯೇ ಕಳಚಿ ಬಿದ್ದಿತ್ತಂತೆ. ಹೊಲಿಯೋಣ ಎಂದು ತೆಗೆದಿಟ್ಟರಂತೆ, ಅಷ್ಟರಲ್ಲಿ ಕಾರ್‌ಫೀಲ್ಡ್ ಮನೆಯವರು ಅವಸರ ಮಾಡಿ ಪುಸ್ತಕ ಒಯ್ದರಂತೆ, ಆಮೇಲೆ ಕಳಿಸಲು ನಾಚಿಕೆಯಾಯಿತಂತೆ.

ತಾನಾಗಿ ಕಳಚಿದ ಹಾಳೆ ಪೂರ್ತಿ ಬರುತ್ತದೆ, ಚಾಕುವಿನಿಂದ ಕತ್ತರಿಸಿದರೆ ಮಾತ್ರ ಬುಡದಲ್ಲಿ ಪಟ್ಟಿ ಉಳಿಯುತ್ತದೆ. ಇದನ್ನು ನನಗೆ ಕಲಿಸಿದವರೂ ಅವರೇ. ನನಗದು ಗೊತ್ತು ಎಂಬುದೂ ಅವರಿಗೆ ಗೊತ್ತಿತ್ತು. ಮೇಜಿನ ಕೆಳಗೆ ಬಗ್ಗಿ ನನ್ನ ತಲೆ ಮುಟ್ಟಿದರು.

"ನಾನು ಹೋದ್ಮೇಲೆ ಹೇಳು, ವಿನ್. ಇನ್ನೆಷ್ಟು ದಿನ ನಾನು."

ನಾನು ಕಾಳೆಲ್ಲ ಆರಿಸಿ ಬಟ್ಟಲಿಗೆ ಹಾಕಿದೆ. ಊಟದಲ್ಲಿ ಇಬ್ಬರೂ ಅದೇ ಬಟಾಣಿ ತಿಂದೆವು.

ಗುರುವಾರ ಮಿಸ್ ಕಾರ್‌ಫೀಲ್ಡ್ ಬಂದರು. ಅರವತ್ತು ದಾಟಿದ, ಉದ್ದನೆಯ, ಕೆಸರು ಬೂಟಿನ ಹೆಂಗಸು. ಪುಸ್ತಕದ ಎದುರಿನ ಕುರ್ಚಿ ಬಿಟ್ಟು ಕಿಟಕಿಯ ಪಕ್ಕ ಕೂತರು. ಟ್ರಾಂಟರ್ ಚಹಾ ಕೊಟ್ಟು ಸಂಗತಿ ತಿಳಿಸಿದರು. ಲಂಡನ್ನಿನ ಒಬ್ಬ ವ್ಯಾಪಾರಿ ಹರಾಜಿಗೆ ಮೊದಲೇ ಕೇಳಿದ್ದಾನೆ. ಆದರೆ ಅವನು ಹೊಲಿಗೆ ಬಿಚ್ಚಿ, ಒಂದೊಂದು ಹಾಳೆಗೂ ಚೌಕಟ್ಟು ಹಾಕಿ ಬೇರೆಬೇರೆಯವರಿಗೆ ಮಾರುವವನು. ಜಿಲ್ಲೆಯ ದಾಖಲೆ ಕಚೇರಿಯವರಾದರೆ ಇಡಿಯಾಗಿ ಇಟ್ಟುಕೊಳ್ಳುತ್ತಾರೆ. ಇನ್ನೊಮ್ಮೆ ಯೋಚಿಸಿ ಎಂದು ಟ್ರಾಂಟರ್ ಬೇಡಿಕೊಂಡರೆಂದೇ ಹೇಳಬೇಕು.

ಯೋಚಿಸೋದೇನೂ ಇಲ್ಲ, ಬಿಚ್ಚಲಿ ಎಂದರು ಮಿಸ್ ಕಾರ್‌ಫೀಲ್ಡ್. ಆಮೇಲೆ, ಹೊರಗೆ ಸೇತುವೆ ಕಡೆ ನೋಡುತ್ತ, ಬೇರೆ ಯಾರದೋ ಕತೆಯೆಂಬಂತೆ ಹೇಳಿದರು. ಆ ಕತ್ತೆ ಬರೆದದ್ದು ತಾವೇ, ಹತ್ತು ವರ್ಷದವರಿದ್ದಾಗ. ಅದಕ್ಕೆ ಅಪ್ಪ ನಕ್ಕಿದ್ದರಂತೆ. ಹೊಸ ರಟ್ಟು ಹಾಕಿಸಿ ತಂದ ವರ್ಷ ಹಂದಿಯ ಹಾಳೆ ಇಲ್ಲವೆಂದು ಗೊತ್ತಾದಾಗ ನಗಲಿಲ್ಲ. ಕತ್ತೆ ಬರೆದವಳೇ ಹಂದಿಯನ್ನೂ ಕತ್ತರಿಸಿದ್ದಾಳೆ ಎಂದರು. ಆಮೇಲೆ ಬೈಯಲೂ ಇಲ್ಲ, ಸಾಯುವವರೆಗೆ ಪುಸ್ತಕವನ್ನು ಮಗಳ ಕೈಗೆ ಕೊಡಲೂ ಇಲ್ಲ.

"ನಂಗೆ ನೆನಪೇ ಇಲ್ಲ ಕಣ್ರೀ, ಟ್ರಾಂಟರ್. ಆ ಹಂದಿ ಅಂದ್ರೆ ನಂಗೆ ಪ್ರಾಣ. ಕತ್ತರಿಸಿ ಎಲ್ಲೋ ಬಚ್ಚಿಟ್ಟು ಮರೆತ್ನೋ ಏನೋ. ಐವತ್ತು ವರ್ಷ ಇಲ್ಲ ಇಲ್ಲ ಅಂದ್ಕೊಂಡು, ಈಗ ನಾನೇ ಇರ್ಬೇಕು ಅನ್ಸತ್ತೆ."

ನಾನು ಮೂಲೆಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದೆ. ಎದ್ದು ಹೊರಗೆ ಹೋಗೋಣವೆಂದರೆ ಬಾಗಿಲಿಗೆ ಅವರ ಕುರ್ಚಿಯನ್ನೇ ದಾಟಬೇಕು. ಅವರು ಚೀಲದಿಂದ ಕರಡು ತೆಗೆದು, ಎರಡನೆಯ ಪುಟ ಮಡಿಸಿ, ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. ಇದನ್ನು ಬರೆದವಳು ನೀನೇನಾ ಎಂದರು. ತಲೆಯಾಡಿಸಿದೆ.

"ನಗುವ ಹಂದಿ ಅಂತ ಬರ್ದಿದೀಯಲ್ಲಮ್ಮಾ. ಅದು ನಗ್ತಿತ್ತು ಅಂತ ಈಗ ಬದುಕಿರೋರಲ್ಲಿ ನಂಗೊಬ್ಬಳಿಗೇ ಗೊತ್ತು. ನಿಂಗೆ ಯಾರು ಹೇಳಿದ್ರು?"

ಪಾಪ, ಟ್ರಾಂಟರ್ ನನ್ನ ನೆರವಿಗೆ ಬಂದರು. ಎದುರಿನ ಪುಟಕ್ಕೆ ಬಣ್ಣ ಹತ್ತಿಕೊಂಡಿರುತ್ತದೆ, ನಮ್ಮ ಹುಡುಗಿಯ ಕಣ್ಣು ಚುರುಕು, ಎಂದರು. ಮಿಸ್ ಕಾರ್‌ಫೀಲ್ಡ್ ಕೊನೆಗೂ ಎದ್ದು ಬಂದು ಅಕ್ಟೋಬರ್ ಪುಟದ ಮೇಲೆ ಬಗ್ಗಿದರು. ದೀಪವನ್ನು ನಾನೇ ಓರೆಯಾಗಿ ಹಿಡಿದೆ. ಗುಲಾಬಿ ಮುದ್ದೆಯಲ್ಲಿ ಬಾಯಿ ಇರಲಿಲ್ಲ. ಆ ನಗು ಶಾಯಿಯ ಒಂದು ಸಣ್ಣ ಗೆರೆ, ಅದು ಹತ್ತಿಕೊಂಡಿರಲಿಲ್ಲ.

"ಹೌದೇನೋ," ಎಂದರು ಅವರು, ಸೋತವರ ಹಾಗೆ. ಕಣ್ಣು ಮಂಜಾಗಿದೆ, ನಂಗೆ ಕಾಣಿಸ್ತಿಲ್ಲ, ನಿಂಗೆ ಕಂಡಿರಬೇಕು ಬಿಡು ಎಂದರು. ಆಮೇಲೆ ಟ್ರಾಂಟರ್ ಕಡೆ ಕೈಚಾಚಿ ಲಂಡನ್ ವ್ಯಾಪಾರಿಗೆ ಮಾರುವ ಕಾಗದಕ್ಕೆ ಸಹಿ ಹಾಕಲು ಪೆನ್ನು ಕೇಳಿದರು.

ನಾನು ದೀಪ ಆರಿಸಿ ಮೇಜಿನ ಮೇಲಿಟ್ಟೆ. ಮನೆಯಲ್ಲಿ ತಾತ ಈ ಹೊತ್ತಿಗೆ ರೊಟ್ಟಿಯ ಮೇಲೆ ಚೀಸ್ ಇಟ್ಟು, ನಾನು ಬರುವ ದಾರಿ ನೋಡುತ್ತಿರುತ್ತಾರೆ. ಟ್ರಾಂಟರ್ ಪೆನ್ನಿನ ಮುಚ್ಚಳ ತೆಗೆದರು.

"ಆ ಹಾಳೆ ನಮ್ಮನೇಲಿದೆ," ಎಂದೆ. "ಕತ್ತರಿಸಿದ್ದು ನೀವಲ್ಲ, ಮಿಸ್ ಕಾರ್‌ಫೀಲ್ಡ್. ನಮ್ಮ ತಾತ."