ಎರಡು ಸಲ ತಟ್ಟಿದರೆ

ಆ ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲು ಮೊದಲೆಲ್ಲ ಒಳಗೊಬ್ಬ ನೆಂಟನಿದ್ದರೆ ಸಾಕಿತ್ತು. ಬೆಳಗ್ಗೆ ಸೇರಿದವನ ಕೈಗೆ ಮಧ್ಯಾಹ್ನವೇ ವಾರ್ಡಿನ ಬೀಗದ ಕೈ ಬರುತ್ತಿತ್ತು. ರೋಗಿ ರೊಚ್ಚಿಗೆದ್ದರೆ, ಲಾಳ ಕಟ್ಟಲು ಎತ್ತನ್ನು ಕೆಡವುವ ಹಾಗೆ ಕೆಡವಿ ಮೇಲೆ ಕೂರುವುದು. ಇದ್ದ ವಿದ್ಯೆ ಅಷ್ಟೇ. ಹೋದ ವರ್ಷ ಹಾಗೆ ಕೂತವನೊಬ್ಬನ ಮೊಣಕಾಲಿನಡಿ ಒಬ್ಬ ಮುದುಕ ಸತ್ತ. ಪಕ್ಕೆಲುಬು ಮುರಿದು ಒಳಕ್ಕೆ ನಾಟಿತ್ತು. ಅವನ ಬಾಯಿಂದ ಬಂದ ರಕ್ತ ಒರೆಸಿದವಳು ವಾರ್ಡಿನ ಹಿರಿಯ ಆಯಾ.

ಆಮೇಲೆ ಬಂದ ಡಾಕ್ಟರು ನೆಂಟಸ್ತನದ ನೇಮಕ ನಿಲ್ಲಿಸಿ ತರಬೇತಿ ಶುರುಮಾಡಿದರು, ಕೊನೆಗೊಂದು ಪರೀಕ್ಷೆಯನ್ನೂ ಇಟ್ಟರು. ಪರೀಕ್ಷೆ ಹೇಗಿರಬೇಕೆಂದು ಹೇಳಿದವಳು ಆಯಾ. ತಾನೇ ರೋಗಿಯಾಗಿ ಒದೆಯುತ್ತೇನೆ, ಉಗುಳುತ್ತೇನೆ, ಬಂದವನು ಹೊಡೆಯದೆ ಹಿಡಿದು ಮಲಗಿಸಬೇಕು, ತಾನು ನೆಲಕ್ಕೆ ಎರಡು ಸಲ ತಟ್ಟಿದ ಕೂಡಲೇ ಬಿಟ್ಟೇಳಬೇಕು ಎಂದಿದ್ದಳು.

ಈ ಸಲದ ಸಾಲಿನಲ್ಲಿ ಅವಳ ಮೈದುನನೂ ನಿಂತಿದ್ದ. ಗಂಡ ಲಾರಿ ಹತ್ತಿ ಊರೂರು ಅಲೆಯುವವನು. ಮನೆಯಲ್ಲಿ ಇರುತ್ತಿದ್ದವರು ಅವಳು, ಅತ್ತೆ, ಈ ಮೈದುನ. ಎಲ್ಲೂ ನೆಟ್ಟಗೆ ನಿಲ್ಲದ ಮಗ ಇಲ್ಲಾದರೂ ನಿಲ್ಲಲಿ ಎಂದು ಅತ್ತೆ ಸೊಸೆಯ ಜೀವ ಹಿಂಡಿದ್ದಳು. ಕೆಲಸವಾದರೆ ಮಾತ್ರ ಹೆಣ್ಣು ಎಂದು ಅವನಿಗೆ ನೋಡಿದ್ದ ಹುಡುಗಿಯ ಕಡೆಯವರು ಪಟ್ಟುಹಿಡಿದಿದ್ದರು. ತರಬೇತಿಯಲ್ಲೇನೋ ಅವನು ಚುರುಕು. ಮಿಕ್ಕವರಿಗೆ ಹಿಡಿತಗಳನ್ನು ತಾನೇ ತೋರಿಸಿಕೊಡುತ್ತಿದ್ದ.

ಚಾಪೆಯ ಮೇಲೆ ಅವಳು ಎಲ್ಲರಿಗೂ ಮಾಡಿದಂತೆಯೇ ಅವನ ಮೊಣಕಾಲಿಗೆ ಒದ್ದಳು, ಮುಖಕ್ಕೆ ಉಗುಳಿದಳು. ಗೋಡೆಗೊರಗಿದ್ದವನೊಬ್ಬ, "ಅತ್ತಿಗೆ ಕೈಲಿ ಪೂಜೆ ಮಾಡಿಸ್ಕೊಳ್ಳೋಕೂ ಪುಣ್ಯ ಬೇಕಪ್ಪಾ" ಎಂದ. ಎಲ್ಲರೂ ನಕ್ಕರು. ಮೈದುನನ ಕಿವಿ ಕೆಂಪಾಯಿತು. ಅವನು ಅವಳ ತೋಳು ತಿರುಚಿ ಬೋರಲು ಕೆಡವಿದ. ಗಲ್ಲ ನೆಲಕ್ಕೆ ಬಡಿದು ನಾಲಿಗೆ ಹಲ್ಲಿಗೆ ಸಿಕ್ಕಿತು. ಬೆನ್ನಿನ ಪಕ್ಕಕ್ಕೆ ಅವನ ಮೊಣಕಾಲು ಊರಿತು.

ಅವಳು ಎರಡು ಸಲ ತಟ್ಟಿದಳು.

ಅವನು ಅವಳ ಕಿವಿಯ ಹತ್ತಿರ ಬಗ್ಗಿದ. "ಮನೇಲಿ ಭಾರೀ ಬಾಯಿ ಮಾಡ್ತೀಯಲ್ಲ. ಈಗ ತಟ್ಟು."

ಮೈಭಾರವನ್ನೆಲ್ಲ ಮೊಣಕಾಲಿಗೆ ಹಾಕಿದ. ಒಣ ಪುಳ್ಳೆ ಮುರಿದಂಥ ಸದ್ದು ಅವಳಿಗೆ ಮೈಯೊಳಗಿಂದಲೇ ಕೇಳಿಸಿತು. ಬಾಯಿ ತುಂಬ ರಕ್ತ. ಮತ್ತೆ ತಟ್ಟಿದಳು, ಅಂಗೈ ಉರಿಯುವವರೆಗೆ ತಟ್ಟಿದಳು. ಕೊನೆಗೆ ನಕ್ಕವರೇ ಓಡಿಬಂದು ಅವನ ಕುತ್ತಿಗೆಗೆ ಕೈ ಹಾಕಿ ಎಳೆಯಬೇಕಾಯಿತು.

ತಟ್ಟಿದ್ದು ಕೇಳಿಸಲೇ ಇಲ್ಲ, ಗಾಬರಿಯಾಯಿತು ಎಂದು ಅವನು ಡಾಕ್ಟರ ಮುಂದೆ ಕೈಮುಗಿದ. ಒಳ್ಳೆಯ ಮನುಷ್ಯ ಡಾಕ್ಟರು. ಮೊದಲ ಸಲ ಹೀಗಾಗುವುದುಂಟು, ಇನ್ನಷ್ಟು ದಿನ ಕಲಿಸೋಣ, ತರಬೇತಿ ಇರುವುದೇ ಅದಕ್ಕಲ್ಲವೇ ಎಂದರು. ಬಾಯಿ ಮುಚ್ಚಿಕೊಂಡಿದ್ದರೆ ಮನೆಯಲ್ಲಿ ನೆಮ್ಮದಿ ಎಂದು ಆಯಾಗೆ ಗೊತ್ತಿತ್ತು. ತುಂಡು ತುಂಡಾಗಿ ಉಸಿರೆಳೆದುಕೊಂಡಳು.

"ಗೊತ್ತಿಲ್ದವನಿಗೆ ಕಲಿಸಬಹುದು ಸಾರ್. ಇವನು ಕೇಳಿಸ್ಕೊಂಡೇ ಒತ್ತಿದ. ಇವನ ಕೈಗೆ ವಾರ್ಡಿನ ಬೀಗದ ಕೈ ಕೊಡಬೇಡಿ."

ಡಾಕ್ಟರು ಮೈದುನನ ಹೆಸರು ಹೊಡೆದುಹಾಕಿದರು. ಪಟ್ಟಿ ಕಟ್ಟಿಸಿಕೊಂಡು ಅವಳು ಮನೆಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಅಡುಗೆಮನೆಯ ಪಾತ್ರೆಗಳೆಲ್ಲ ದಿಕ್ಕಾಪಾಲಾಗಿದ್ದವು. ನಡುವೆ ಅತ್ತೆ ಕೂತಿದ್ದಳು. ಕೆಳತುಟಿ ಹರಿದು ಜೋತಿತ್ತು, ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಮಗ ಬಂದು ಹೋಗಿದ್ದ. ಕೆಲಸವಿಲ್ಲದಿದ್ದರೆ ಮದುವೆಯೂ ಇಲ್ಲ, ಎಲ್ಲಾ ನಿನ್ನ ಸೊಸೆಯಿಂದ ಎಂದು ಕೈಗೆ ಸಿಕ್ಕವಳನ್ನು ಬಡಿದಿದ್ದ.

"ನೀನೊಂದು ಮಾತು ನುಂಗಿದ್ರೆ ನನ್ನ ಮಗ ನನ್ನ ಮೇಲೆ ಕೈ ಮಾಡ್ತಿರ್ಲಿಲ್ಲ ಕಣೇ" ಎಂದಳು ಅತ್ತೆ.

ಸೊಸೆ ಬಾಗಿಲ ಚಿಲಕ ಹಾಕಿ ಬಂದು, ಗೋಡೆ ಹಿಡಿದು ಕೂತು, ಒಂದೇ ಕೈಯಲ್ಲಿ ಒದ್ದೆ ಬಟ್ಟೆಯಿಂದ ಆ ತುಟಿ ಒರೆಸತೊಡಗಿದಳು.

ಬಾಗಿಲು ದಡದಡ ಬಡಿಯಿತು.

"ಅಮ್ಮಾ, ತೆಗಿ. ನಿನಗೇನೂ ಮಾಡಲ್ಲ. ಅವಳ ಹತ್ರ ಮಾತಾಡ್ಬೇಕು."

ಅತ್ತೆ ಎದ್ದಳು. ಹೆತ್ತ ಮಗ ಕರೆದರೆ ಏಳುವುದು ಅವಳ ಕಾಲಿಗೆ ರೂಢಿಯಾಗಿತ್ತು. ಚಿಲಕಕ್ಕೆ ಕೈ ಹಾಕಿ, ತಿರುಗಿ ನೋಡಿದಳು. ಸೊಸೆ ಪಕ್ಕೆ ಒತ್ತಿಹಿಡಿದು ಏಳಲು ಹೆಣಗುತ್ತಿದ್ದಳು, ಆಗುತ್ತಿರಲಿಲ್ಲ. ಹೊರಗಿನಿಂದ ಬಿದ್ದ ಒದೆಗೆ ಕದದ ಒಂದು ಹಲಗೆ ಬಿರಿಯಿತು.

ಅತ್ತೆ ಮೇಲಿನ ಚಿಲಕವನ್ನೂ ಎಳೆದು ಹಾಕಿದಳು. ಬಟ್ಟೆಯ ಕಬ್ಬಿಣದ ಪೆಟ್ಟಿಗೆಯನ್ನು ನೆಲ ಕೆರೆಯುತ್ತ ಎಳೆದು ತಂದು ಬಾಗಿಲಿಗೆ ಆನಿಸಿದಳು.

"ನೀನು ಏಳ್ಬೇಡ" ಎಂದು ಅದರ ಮೇಲೆ ಕೂತಳು.